ನೀರು ಬಂದ ಊರು, ನೀರು ಬಾರದ ಊರು



ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ವಿಶ್ವವಿದ್ಯಾನಿಲಯಗಳು ನಡೆಸುವ ಸಂಶೋಧನೆಯಿಂದ ಲೋಕಕ್ಕೆ ಏನು ಪ್ರಯೋಜನ, ಊರಿನವರಿಗೆಲ್ಲ ತಿಳಿದಿರುವುದನ್ನೇ ಪಂಡಿತರು ಕಠಿಣ ಶಬ್ದಗಳಲ್ಲಿ ಹೇಳುತ್ತಾರಲ್ಲವೇ ಎಂಬ ಆಕ್ಷೇಪವನ್ನು ನಾವು ಆಗಾಗ್ಗೆ ಕೇಳುತ್ತೇವೆ. ಆ ಆಕ್ಷೇಪಕ್ಕೆ ತರ್ಕದಿಂದ ಉತ್ತರ ಹೇಳುವುದಕ್ಕಿಂತ, ನಮ್ಮ ಮಂಡ್ಯದ ಸೀಮೆಯಲ್ಲಿಯೇ ನಡೆದ ಒಂದು ಅಧ್ಯಯನವನ್ನು ತಮ್ಮ ಮುಂದಿಡುವುದು ಲೇಸೆಂದು ಭಾವಿಸಿದ್ದೇನೆ.

1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆ ಹರಿದು, ರಾಗಿಯ ಹೊಲಗಳಾಗಿದ್ದ ಭೂಮಿ ಕಬ್ಬು ಭತ್ತಗಳ ಗದ್ದೆಯಾದ ವೃತ್ತಾಂತ ತಮಗೆಲ್ಲ ಪರಿಚಿತವಾದುದೇ. 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯ ಮಂಡ್ಯದ ಕಾರ್ಖಾನೆ ಆ ಕಬ್ಬಿಗೆ ನಿಶ್ಚಿತವಾದ ಗಿರಾಕಿಯಾಗಿ ನಿಂತಿತು. ಈ ಮಹಾಪರಿವರ್ತನೆ ಹಳ್ಳಿಯ ಜನರ ಪರಸ್ಪರ ಸಂಬಂಧಗಳನ್ನು ಹೇಗೆ ಮಾರ್ಪಡಿಸಿತೆಂಬುದನ್ನು ಅರಿಯಲು, 1954ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಿಂದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಇಲ್ಲಿಗೆ ಬಂದರು. ವಿಯೆನ್ನಾದಲ್ಲಿ ಜನಿಸಿ, ನಾಟ್ಸಿಗಳ ಕಾಲದಲ್ಲಿ ತಾಯ್ನಾಡನ್ನು ತೊರೆದು ಇಂಗ್ಲೆಂಡನ್ನು ಸೇರಿದ್ದ ಆಕೆ ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದು, ಮಾನವಶಾಸ್ತ್ರದ ವಿಧಾನವನ್ನೂ ಕಲಿತವರು.

ತಮ್ಮ ಗ್ರಂಥದಲ್ಲಿ ಆಕೆ ವಾಂಗಲ, ದಲೇನ ಎಂದು ಕರೆದಿರುವ ಎರಡು ಗ್ರಾಮಗಳು ಈ ಅಧ್ಯಯನದ ಕ್ಷೇತ್ರ. ಎರಡರಲ್ಲಿಯೂ ಒಕ್ಕಲಿಗರದೇ ಪ್ರಾಬಲ್ಯ. ಎರಡೂ ಮಂಡ್ಯಕ್ಕೆ ಸಮೀಪ. ಭೇದವಿದ್ದುದು ಒಂದೇ: ವಾಂಗಲದ ಭೂಮಿಗೆ ನಾಲೆಯ ನೀರು ಹರಿಯಿತು, ದಲೇನದ ಭೂಮಿ ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ, ಸುತ್ತಣ ಹಳ್ಳಿಗಳೆಲ್ಲ ಹಸುರಾದರೂ ಅದು ಖುಷ್ಕಿಯಾಗಿಯೇ ಉಳಿಯಿತು. ಸಂಶೋಧಕಿ ಹಳ್ಳಿಯಲ್ಲಿಯೇ ನೆಲಸಿ, ಮನೆಮನೆಯ ಆದಾಯ ವೆಚ್ಚಗಳನ್ನೂ, ಬೆಳೆಬೆಳೆಗೆ ತಗಲುವ ಬೀಜ, ಗೊಬ್ಬರ, ಆಳುಗಳ ಲೆಕ್ಕವನ್ನೂ ಬರೆದುಕೊಂಡರು. ಅದರ ಜೊತೆಗೇ ಪಂಚಾಯಿತಿಯ ವ್ಯಾಜ್ಯಗಳನ್ನೂ ಮದುವೆ ಹಬ್ಬಗಳನ್ನೂ ಗಮನಿಸಿದರು.

ನೀರು ಬಂದ ಊರಿನಲ್ಲಿ ಹೆಚ್ಚು ಬದಲಾವಣೆ, ನೀರು ಬಾರದ ಊರಿನಲ್ಲಿ ಹಳೆಯ ಪದ್ಧತಿ ಎಂದು ಯಾರಾದರೂ ಊಹಿಸುವುದು ಸಹಜ. ಕಂಡುಬಂದುದಾದರೋ ಇದಕ್ಕೆ ವಿಪರೀತ. ವಾಂಗಲದಲ್ಲಿ ಐಶ್ವರ್ಯ ಬೆಳೆಯಿತು, ಆದರೆ ಸಮಾಜದ ಕಟ್ಟಡ ಬಹುಮಟ್ಟಿಗೆ ಹಾಗೆಯೇ ನಿಂತಿತು. ಕಬ್ಬು ಹೊಸ ಬೆಳೆಯಾದರೂ ಬೇಸಾಯ ಬೇಸಾಯವೇ: ಭೂಮಿಯುಳ್ಳವನ ಕೈ ಮತ್ತಷ್ಟು ಬಲವಾಯಿತು; ಗದ್ದೆಯ ಕೆಲಸಕ್ಕೆ ಆಳುಗಳ ಅಗತ್ಯ ಹೆಚ್ಚಿದುದರಿಂದ, ಒಕ್ಕಲಿಗರ ಮನೆಗಳಿಗೂ ಪರಿಶಿಷ್ಟ ಜಾತಿಯವರಾದ ಆದಿಕರ್ನಾಟಕರ ಮನೆಗಳಿಗೂ ತಲೆಮಾರುಗಳಿಂದ ಇದ್ದ ಯಜಮಾನ–ಆಳಿನ ಕಟ್ಟು ಸಡಿಲವಾಗಲಿಲ್ಲ.

ದಲೇನದವರಾದರೋ, ನೆಲದಿಂದ ಲಾಭವಿಲ್ಲವೆಂದು ಕಂಡು ಊರ ಹೊರಗೆ ಕಣ್ಣು ಹಾಯಿಸಿದರು. ಕೆಲವರು ಮಂಡ್ಯದಲ್ಲಿ ನೌಕರಿ ಹಿಡಿದರು. ಕೆಲವರು ನೀರಾವರಿ ಹಳ್ಳಿಗಳ ಕಬ್ಬನ್ನು ಗಾಡಿಯಲ್ಲಿ ಕಾರ್ಖಾನೆಗೆ ಸಾಗಿಸಿದರು. ಕೆಲವರು ವ್ಯಾಪಾರಕ್ಕೆ ಇಳಿದರು. ಭೂಮಿಯಿಂದಲೇ ಪ್ರತಿಷ್ಠೆಯೆಂಬ ಹಳೆಯ ನಿಯಮ ಅಲ್ಲಿ ಕುಂದಿತು. ಆದಿಕರ್ನಾಟಕರೊಡನೆ ಇದ್ದ ವಂಶಪಾರಂಪರ್ಯದ ಕೂಲಿಯ ಸಂಬಂಧವೂ ಕಡಿದುಹೋಯಿತು.

ಈ ಸಂಬಂಧದ ಸ್ವರೂಪವನ್ನು ಕೊಂಚ ಹತ್ತಿರದಿಂದ ನೋಡೋಣ. ಆಳಿಗೂ ಕಸುಬುದಾರನಿಗೂ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಇಷ್ಟು ಧಾನ್ಯ, ಇಷ್ಟು ಹುಲ್ಲು ಎಂದು ಕೊಡುವ ಪದ್ಧತಿಯಿತ್ತು. ಬೆಳೆ ಚೆನ್ನಾಗಿ ಬಂದ ವರ್ಷವೂ ಅಷ್ಟೇ, ಮಳೆ ಕೈಕೊಟ್ಟ ವರ್ಷವೂ ಅಷ್ಟೇ. ಸುಭಿಕ್ಷದಲ್ಲಿ ಮಿಕ್ಕದ್ದೆಲ್ಲ ಯಜಮಾನನ ಪಾಲಾದರೂ, ದುರ್ಭಿಕ್ಷದಲ್ಲಿ ಆಳಿನ ಮನೆಯ ಒಲೆ ಆರದಂತೆ ಈ ಕಟ್ಟಳೆ ಕಾಯುತ್ತಿತ್ತು. ಹೀಗಿರುವಾಗ ಇದನ್ನು ಬರಿಯ ಶೋಷಣೆಯೆಂದು ತಳ್ಳಿಹಾಕುವುದೂ, ಬರಿಯ ಸೌಹಾರ್ದವೆಂದು ಹಾಡಿಹೊಗಳುವುದೂ ಸಮನಾದ ಅವಿವೇಕ. ದಲೇನದ ಆದಿಕರ್ನಾಟಕರು ಹಳೆಯ ಅಧೀನತೆಯಿಂದ ಬಿಡುಗಡೆ ಹೊಂದಿದಾಗ, ಆ ಬರಗಾಲದ ಆಸರೆಯನ್ನೂ ಕಳೆದುಕೊಂಡರು.

ಈ ಅಧ್ಯಯನ 1962ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. 1970ರಲ್ಲಿ ಆಕೆ ಅದೇ ಹಳ್ಳಿಗಳಿಗೆ ಮರಳಿ ಬಂದು ಇನ್ನೊಂದು ಗ್ರಂಥವನ್ನು ಬರೆದರು. 1998ರಲ್ಲಿ ಕರ್ನಾಟಕದ ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಇವರೊಡಗೂಡಿ ನಲವತ್ತು ವರ್ಷಗಳ ಪರಿವರ್ತನೆಯನ್ನು ಕುರಿತು ಮತ್ತೊಂದು ಪುಸ್ತಕವನ್ನು ಹೊರತಂದರು. ಒಮ್ಮೆ ನೋಡಿ ತೀರ್ಪು ಕೊಡುವುದು ಪತ್ರಿಕೆಯ ವರದಿಗಾರನಿಗೆ ಸಾಕಾಗಬಹುದು. ತಲೆಮಾರು ಕಳೆದ ಮೇಲೂ ಹಿಂದಿನ ಲೆಕ್ಕದ ಪಕ್ಕದಲ್ಲಿ ಇಂದಿನ ಲೆಕ್ಕವನ್ನಿಟ್ಟು ತೂಗಿ ನೋಡುವುದು ಶಾಸ್ತ್ರದ ಕೆಲಸ.

ನಮ್ಮ ಕಾಲೇಜುಗಳಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಓದುತ್ತಿರುವ ತರುಣ ತರುಣಿಯರಲ್ಲಿ ಅನೇಕರು ಇಂತಹ ಹಳ್ಳಿಗಳಿಂದಲೇ ಬಂದವರು. ದೂರದೇಶದಿಂದ ಬಂದ ವಿದುಷಿಗೆ ಸಾಧ್ಯವಾದುದು, ಅಲ್ಲಿಯ ಮಾತನ್ನೂ ಮರ್ಯಾದೆಯನ್ನೂ ಹುಟ್ಟಿನಿಂದ ಬಲ್ಲ ಅವರಿಗೆ ಅಸಾಧ್ಯವಾಗಬೇಕಿಲ್ಲ. ಪಠ್ಯಪುಸ್ತಕದ ಟಿಪ್ಪಣಿಗಳನ್ನು ಕಂಠಪಾಠ ಮಾಡುವುದರ ಜೊತೆಗೆ, ತಮ್ಮ ಊರಿನ ಹತ್ತು ಮನೆಗಳ ಜಮಾಖರ್ಚನ್ನಾದರೂ ಒಂದು ವರ್ಷ ಕಾಲ ಶ್ರದ್ಧೆಯಿಂದ ಬರೆದಿಡುವ ಕೆಲಸವನ್ನು ಅವರೂ, ಅವರ ಅಧ್ಯಾಪಕರೂ ಕೈಗೊಳ್ಳಬೇಕೆಂದು ನನ್ನ ಪ್ರಾರ್ಥನೆ.