ಮೂರೋ? ಇಪ್ಪತ್ತನಾಲ್ಕೋ? ಸಾವಿನ ಲೆಕ್ಕ ಕೇಳುವ ಹಕ್ಕು ನಿಮ್ಮದು!

(ಹರವೆಯಲ್ಲಿ, ಬೆಂಗಳೂರು-ಮೈಸೂರುಗಳಿಂದ ಬಂದಿದ್ದ ಯುವಕ ಯುವತಿಯರ ಮುಂದೆ ಆಡಿದ ಮಾತಿನ ಬರಹ ರೂಪ)



ಸಂಖ್ಯಾಶಾಸ್ತ್ರ ಎಂದ ತಕ್ಷಣ ನಿಮ್ಮಲ್ಲಿ ಅರ್ಧ ಜನ ಆಕಳಿಸುತ್ತೀರಿ. ಪರೀಕ್ಷೆಗೆ ಓದಿ, ಪರೀಕ್ಷಾ ಕೊಠಡಿಯಲ್ಲೇ ಬಿಟ್ಟು ಬಂದ ವಿಷಯ ಅದು. ಆದರೆ ನೀವೀಗ ಕುಳಿತಿರುವ ಈ ಹರವೆ ಯಾವ ಜಿಲ್ಲೆಯ ಊರು? ಚಾಮರಾಜನಗರ ಜಿಲ್ಲೆಯ ಊರು. ಇಲ್ಲಿನವರಿಗೆ ಲೆಕ್ಕದ ಬೆಲೆ ಏನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. 2021ರ ಮೇ 2ರ ರಾತ್ರಿ ಕಳೆದು 3ರ ಬೆಳಕು ಹರಿಯುವಾಗ ಅವರು ಅದನ್ನು ಹೆಣಗಳ ಮುಂದೆ ನಿಂತು ಕಲಿತರು.

ಕೊರೊನಾದ ಎರಡನೇ ಅಲೆ. ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಬಂತು. ಒಂದು ದಿನದ ಅವಧಿಯಲ್ಲಿ 24 ಮಂದಿ ಸತ್ತರು. ಅಂದಿನ ಆರೋಗ್ಯ ಸಚಿವರು ಏನೆಂದರು? ಆಮ್ಲಜನಕದ ಕೊರತೆಯಿಂದ ಸತ್ತವರು 3 ಮಂದಿ ಮಾತ್ರ ಎಂದರು! ಮಿಕ್ಕವರ ಸಾವಿಗೆ ಬೇರೆ ಕಾರಣಗಳ ಮಾತು ಬಂತು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದ ಸಮಿತಿ ವಿಚಾರಣೆ ನಡೆಸಿ, ಆ ರಾತ್ರಿ ಆಮ್ಲಜನಕದ ಕೊರತೆ ಇದ್ದದ್ದು ನಿಜ ಎಂದಿತು. ಇಷ್ಟಾದ ಮೇಲೆ, ಅದೇ ವರ್ಷದ ಜುಲೈನಲ್ಲಿ, ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ ಕೊಟ್ಟ ಉತ್ತರ ನೋಡಿ: ಆಮ್ಲಜನಕದ ಕೊರತೆಯಿಂದ ಸಾವಾಗಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ!

24, ಆಮೇಲೆ 3, ಆಮೇಲೆ ಸೊನ್ನೆ. ಹೆಣಗಳೇನು ಎದ್ದು ಮನೆಗೆ ಹೋದವೆ?

ಎಣಿಕೆಯ ಕೈಚಳಕ

ಇದು ಹೇಗೆ ಸಾಧ್ಯವಾಯಿತು? ಸತ್ತವನಿಗೆ ಸಕ್ಕರೆ ಕಾಯಿಲೆ ಇತ್ತು, ಬಿ.ಪಿ. ಇತ್ತು, ಶ್ವಾಸಕೋಶ ಕೆಟ್ಟಿತ್ತು. ಕಾಗದದ ಮೇಲೆ ಇವುಗಳಲ್ಲಿ ಯಾವುದನ್ನು ಬೇಕಾದರೂ ಕಾರಣ ಎಂದು ಬರೆಯಬಹುದು. ‘ಸಿಲಿಂಡರ್ ಖಾಲಿಯಾಗಿತ್ತು’ ಎಂದು ಬರೆಯುವ ಕೈ ಮಾತ್ರ ನಡುಗುತ್ತದೆ. ಇನ್ನು ದೇಶದ ಸ್ಥಿತಿ ಕೇಳಿ. 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ನೂರಕ್ಕೆ ಸುಮಾರು 22 ಮಾತ್ರ.

ಇಂಥ ಕೈಚಳಕಕ್ಕೆ ಸಂಖ್ಯಾಶಾಸ್ತ್ರದಲ್ಲಿ ಮದ್ದಿದೆ. ಕಾರಣದ ಜಗಳವನ್ನು ಸ್ವಲ್ಪ ಪಕ್ಕಕ್ಕಿಟ್ಟು ಒಂದು ಸರಳ ಪ್ರಶ್ನೆ ಕೇಳಿ: ಅದೇ ಆಸ್ಪತ್ರೆಯಲ್ಲಿ, ಅಷ್ಟೇ ರೋಗಿಗಳಿದ್ದ ಬೇರೆ ದಿನಗಳಲ್ಲಿ ಎಷ್ಟು ಜನ ಸಾಯುತ್ತಿದ್ದರು? ಆ ದಿನ ಎಷ್ಟು ಜನ ಸತ್ತರು? ಎರಡರ ನಡುವಿನ ಅಂತರವೇ ‘ಹೆಚ್ಚುವರಿ ಸಾವು’. ಒಬ್ಬೊಬ್ಬರ ಕಾರಣವನ್ನು ಈ ಅಂತರ ಹೇಳಲಾರದು. ಆದರೆ ಏನೋ ನಡೆದಿದೆ ಎಂಬುದನ್ನು ಮುಚ್ಚಿಡಲು ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಈ ವಿಧಾನದಿಂದಲೇ ಅಂದಾಜು ಮಾಡಿತು. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು ಎಂದಿತು. ಆ ಅವಧಿಯ ಸರ್ಕಾರಿ ಕೋವಿಡ್ ಲೆಕ್ಕ ಸುಮಾರು 4.8 ಲಕ್ಷ. ನಮ್ಮ ಸರ್ಕಾರ ಆ ವಿಧಾನವನ್ನೇ ಒಪ್ಪಲಿಲ್ಲ. ವಾದ ಇರಲಿ. ವಾದ ಮಾಡಲಾದರೂ ನಮಗೆ ಲೆಕ್ಕ ಗೊತ್ತಿರಬೇಕಲ್ಲ!

ತುಮಕೂರು ಕಲಿಸಿದ ಪಾಠ

ಲೆಕ್ಕ ಎಂದರೆ ಬರೀ ಮೋಸ ಎಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ 1959ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಕಥೆ ನಿಮಗೆ ಗೊತ್ತಿರಲಿ. ಹಳ್ಳಿ ಜನಕ್ಕೆ ಕ್ಷಯದ ಅರಿವಿಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ, ಅವರನ್ನು ನಾವೇ ಹುಡುಕಿಕೊಂಡು ಹೋಗಬೇಕು ಎಂಬ ನಂಬಿಕೆ ಆಗ ಬಲವಾಗಿತ್ತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಕಫದಲ್ಲಿ ಕ್ಷಯದ ಕ್ರಿಮಿ ಕಂಡವರನ್ನು ಮಾತಾಡಿಸಿದರು. ಅಷ್ಟೇ ಸಂಖ್ಯೆಯ, ಅದೇ ಹಳ್ಳಿಯ, ಅದೇ ವಯಸ್ಸಿನ, ಕ್ಷಯವಿಲ್ಲದವರನ್ನೂ ಮಾತಾಡಿಸಿದರು. ಯಾಕೆ? ಕೆಮ್ಮು ಯಾರಿಗಿಲ್ಲ? ಹೋಲಿಸಿ ನೋಡದೆ ಯಾವುದು ರೋಗದ ಕೆಮ್ಮು ಎಂದು ಹೇಳುವುದು ಹೇಗೆ?

1963ರಲ್ಲಿ ಪ್ರಕಟವಾದ ಉತ್ತರ ತಜ್ಞರ ಬಾಯಿ ಮುಚ್ಚಿಸಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲು ಬಡಿದಿದ್ದರು! ಕೆಮ್ಮಿನ ಔಷಧಿ ಹಿಡಿಸಿಕೊಂಡು ವಾಪಸು ಬಂದಿದ್ದರು. ತಪ್ಪು ಹಳ್ಳಿಯವನದಲ್ಲ, ಕಫ ಪರೀಕ್ಷೆ ಮಾಡದ ಆಸ್ಪತ್ರೆಯದು ಎಂದು ಲೆಕ್ಕ ಹೇಳಿತು. ಈ ಸಂಸ್ಥೆಯ ಇಂಥ ಅಧ್ಯಯನಗಳ ಮೇಲೆಯೇ 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತಿತು. ಬಡವನ ಪರವಾಗಿ ಸಾಕ್ಷಿ ಹೇಳಬಲ್ಲದ್ದೂ ಈ ಶಾಸ್ತ್ರವೇ.

ನೆನಪಿಡಿ, ಇಂಥ ಸಾಕ್ಷಿ ಸಿಗುವುದು ಪ್ರಶ್ನೆ ಜನರಿಗೆ ಅರ್ಥವಾದರೆ ಮಾತ್ರ. ಇಂಗ್ಲಿಷಿನಲ್ಲಿ ಬರೆದ ಪ್ರಶ್ನೆಯನ್ನು ಬಾಗಿಲಲ್ಲಿ ನಿಂತು ಹೇಗೋ ಕನ್ನಡ ಮಾಡಿ, ‘ಅಜ್ಜಿ, ಡಿಪ್ರೆಶನ್ ಇದೆಯಾ?’ ಎಂದರೆ ಅವಳು ಏನು ಹೇಳಬೇಕು? ‘ನಿದ್ದೆ ಹತ್ತಲ್ಲ ಕಣಪ್ಪ, ಎದೆ ಭಾರ, ಯಾತರ ಮೇಲೂ ಮನಸ್ಸಿಲ್ಲ’ ಎನ್ನುವುದು ಅವಳ ಭಾಷೆ. ಸರ್ವೆಯವನು ‘ಇಲ್ಲ’ ಎಂದು ಗುರುತು ಹಾಕಿ ಮುಂದಿನ ಮನೆಗೆ ನಡೆದ. ಅಜ್ಜಿಯ ಸಂಕಟ ಅಲ್ಲಿಗೆ ಸೊನ್ನೆ. ಕನ್ನಡದಲ್ಲಿ ಸರಿಯಾಗಿ ಕೇಳದ ಪ್ರಶ್ನೆಗೆ ಬಂದ ಅಂಕಿಯನ್ನು ಯಾವ ಕಂಪ್ಯೂಟರೂ ಸರಿ ಮಾಡಲಾರದು.

ಬಿಳಿಗಿರಿರಂಗನ ಬೆಟ್ಟದ ಲೆಕ್ಕ

ಇದೇ ಜಿಲ್ಲೆಯ ಸೋಲಿಗರಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದೆ. ಅದು ವಂಶದಲ್ಲಿ ಹರಿದು ಬರುತ್ತದೆ. ತಂದೆ ತಾಯಿ ಇಬ್ಬರೂ ವಾಹಕರಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ’ ಎಂದರೆ ತಪ್ಪು! ಪ್ರತಿ ಬಸಿರಿನಲ್ಲೂ ಮತ್ತೆ ನಾಲ್ಕರಲ್ಲಿ ಒಂದೇ. ಈ ಒಂದು ಮಾತು ಅರ್ಥವಾಗುವಂತೆ ಹೇಳದಿದ್ದರೆ ಒಂದು ಸಂಸಾರದ ಬದುಕೇ ದಾರಿ ತಪ್ಪುತ್ತದೆ.

ಪಟ್ಟಣದ ನೀವೂ ಹುಷಾರು. ‘ಫುಲ್ ಬಾಡಿ ಚೆಕಪ್’ ಜಾಹೀರಾತು ನೋಡಿ ಓಡುತ್ತೀರಿ. ಒಂದು ಊಹೆಯ ಲೆಕ್ಕ ಹಾಕೋಣ. 1000 ಜನರಲ್ಲಿ 10 ಮಂದಿಗೆ ಕಾಯಿಲೆ ಇದೆ. ಪರೀಕ್ಷೆ ಆ 10 ಮಂದಿಯನ್ನೂ ಹಿಡಿಯುತ್ತದೆ. ಆದರೆ ಆರೋಗ್ಯವಂತರಲ್ಲಿ ನೂರಕ್ಕೆ 5 ಮಂದಿಯನ್ನು ರೋಗಿ ಎಂದು ತಪ್ಪಾಗಿ ತೋರಿಸುತ್ತದೆ. 990ರಲ್ಲಿ ಹಾಗೆ ಸಿಕ್ಕಿಬೀಳುವವರು ಸುಮಾರು 50 ಮಂದಿ! ‘ಪಾಸಿಟಿವ್’ ಚೀಟಿ ಹಿಡಿದ 60 ಮಂದಿಯಲ್ಲಿ ನಿಜವಾದ ರೋಗಿಗಳು 10. ಮಿಕ್ಕ 50 ಮಂದಿಗೆ ಕಾಯಿಲೆಯಿಲ್ಲದೆಯೇ ನಿದ್ದೆ ಹೋಯಿತು, ದುಡ್ಡೂ ಹೋಯಿತು. ಹಾಗೆಂದು ಪರೀಕ್ಷೆ ಬಿಡಬೇಡಿ. ಖಚಿತಪಡಿಸುವ ಎರಡನೇ ಪರೀಕ್ಷೆ ಕೇಳಿ.

‘ಅಪಾಯ ಅರ್ಧಕ್ಕರ್ಧ ಇಳಿಕೆ’ ಎಂದು ಔಷಧಿ ಮಾರುತ್ತಾರೆ. ಸಾವಿರಕ್ಕೆ 2 ಇದ್ದದ್ದು 1 ಆದರೂ ಅರ್ಧ, 200 ಇದ್ದದ್ದು 100 ಆದರೂ ಅರ್ಧ. ಎರಡೂ ಒಂದೆಯೆ?

ಕೇಳಿ, ಕನ್ನಡದಲ್ಲೇ ಕೇಳಿ!

ಇನ್ನು ಮುಂದೆ ಆರೋಗ್ಯದ ಯಾವ ಅಂಕಿ ಕಂಡರೂ ನಾಲ್ಕು ಪ್ರಶ್ನೆ ಹಾಕಿ. ಎಷ್ಟು ಜನರಲ್ಲಿ ಎಷ್ಟು? ಯಾವುದಕ್ಕೆ ಹೋಲಿಸಿದರೆ? ಎಣಿಸಿದವರು ಯಾರು? ಎಣಿಕೆಯಿಂದ ಹೊರಗುಳಿದವರು ಯಾರು?

ಮಾಹಿತಿ ಹಕ್ಕಿನ ಕಾಯ್ದೆ 2005ರಿಂದ ನಿಮ್ಮ ಕೈಯಲ್ಲಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಕಳೆದ ವರ್ಷ ಎಷ್ಟು ಸಾವು, ಎಷ್ಟಕ್ಕೆ ಕಾರಣ ಬರೆದಿದ್ದಾರೆ ಎಂದು ಕನ್ನಡದಲ್ಲೇ ಅರ್ಜಿ ಹಾಕಿ. ಓದಿದ ನೀವು ಕೇಳದಿದ್ದರೆ ಇನ್ಯಾರು ಕೇಳಬೇಕು? ಆ 24 ಮಂದಿಗೂ ಒಂದೊಂದು ಹೆಸರಿತ್ತು, ಒಂದೊಂದು ಮನೆಯಿತ್ತು. ಅವರನ್ನು ಮೂರಕ್ಕೆ ಇಳಿಸಲು ಯಾರಿಗೂ ಬಿಡಬೇಡಿ.