ನಾವೇ ಹೊಲಿದ ಪುಸ್ತಕ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನನ್ನನ್ನು ಕರೆದ ಮೇಷ್ಟ್ರು, "ಕಂಪ್ಯೂಟರ್ ಬಗ್ಗೆ ಎರಡು ಮಾತಾಡಪ್ಪ, ಮಕ್ಕಳಿಗೆ ಅನುಕೂಲವಾಗಲಿ" ಎಂದರು. ಬಿ.ಇ. ಮುಗಿಸಿದಾಗಿನಿಂದ ಆ ಕೆಲಸದಲ್ಲೇ ಇದ್ದೇನೆ. ಆದರೆ ಅದರ ಬಗ್ಗೆ ಹೇಳುವವರು ಈಗ ಬಹಳ ಜನ ಸಿಗುತ್ತಾರೆ. ಹಾಗಾಗಿ ಮೇಷ್ಟ್ರ ಅಪ್ಪಣೆ ಕೇಳಿ, ನಾನು ಭಾನುವಾರಗಳಲ್ಲಿ ಮಾಡುವ ಇನ್ನೊಂದು ಕೆಲಸದ ಬಗ್ಗೆ ಮಾತಾಡುತ್ತೇನೆ. ನಾನು ಕೈಯಿಂದ ನೋಟ್ ಪುಸ್ತಕ ಮಾಡುತ್ತೇನೆ. ಹಾಳೆ ಮಡಚಿ, ದಾರದಲ್ಲಿ ಹೊಲಿದು, ಬಣ್ಣದ ಹೊದಿಕೆ ಹಾಕಿ ಮಾಡುವ ಪುಸ್ತಕ. ಬೆಂಗಳೂರಿನಲ್ಲಿ ಇದನ್ನು ಹ್ಯಾಂಡ್‌ಮೇಡ್ ಜರ್ನಲ್ ಎನ್ನುತ್ತಾರೆ. ಅಂಗಡಿಯಲ್ಲಿ ಒಂದಕ್ಕೆ ನೂರಾರು ರೂಪಾಯಿ.

ಹೆಸರು ಹೊಸದು, ಕೆಲಸ ಹಳೆಯದು. ಇಲ್ಲಿ ಕುಳಿತಿರುವ ನನ್ನ ವಯಸ್ಸಿನವರಿಗೆ ನೆನಪಿರಬಹುದು. ಜೂನ್ ಬಂದರೆ ಹಿಂದಿನ ವರ್ಷದ ನೋಟ್ಸುಗಳಲ್ಲಿ ಉಳಿದ ಖಾಲಿ ಹಾಳೆ ಕಿತ್ತು, ದಬ್ಬಳದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ಬೈಂಡ್ ಹಾಕಿ ರಫ್ ನೋಟ್ಸ್ ಮಾಡಿಕೊಳ್ಳುತ್ತಿದ್ದೆವು. ನನ್ನ ಹವ್ಯಾಸದ ಬೇರು ಅಲ್ಲಿದೆ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ನಾಡಿನಲ್ಲಿ ಕಡತ ಇತ್ತು. ಈಗ ಕಡತ ಎಂದರೆ ಕಚೇರಿಯ ಫೈಲು. ಆಗ ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಹಿಂದಕ್ಕೆ ಮುಂದಕ್ಕೆ ಮಡಚಿ, ಆ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆಯುತ್ತಿದ್ದರು. ವ್ಯಾಪಾರಿಗಳ ಲೆಕ್ಕ, ಮಠಗಳ ಪತ್ರವ್ಯವಹಾರ ಎಲ್ಲ ಅದರಲ್ಲೇ. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇಂದಿಗೂ ಆಧಾರವಾಗಿ ಬಳಸುತ್ತಾರೆ. ಬಟ್ಟೆ, ಹುಣಸೆ ಬೀಜ, ಇದ್ದಿಲು, ಎಲ್ಲವೂ ಮನೆಯಲ್ಲೇ ಸಿಗುವ ವಸ್ತು ಎಂಬುದನ್ನು ಗಮನಿಸಿ.

ಈಗ ಮಕ್ಕಳಿಗೆ ಮಾಡುವ ವಿಧಾನ ಹೇಳುತ್ತೇನೆ. ನಡುವೆ ಪಿನ್ ಹೊಡೆದ ನೋಟ್ಸನ್ನು ಅರ್ಧಕ್ಕಿಂತ ಕಡಿಮೆ ಬರೆದಿದ್ದರೆ, ಪಿನ್ ಬಿಚ್ಚಿದಾಗ ನಡುವಿನ ಹಾಳೆಗಳು ಜೋಡಿಯಾಗಿ, ಪೂರ್ತಿ ಖಾಲಿಯಾಗಿ ಸಿಗುತ್ತವೆ. ಅರ್ಧ ದಾಟಿದ್ದರೆ ಬಿಡಿ ಹಾಳೆಗಳು ಮಾತ್ರ. ಅವನ್ನು ಒಟ್ಟು ಸೇರಿಸಿ ಅಂಚಿಗೆ ಹೊಲಿಯಬೇಕು. ಎಂಟು ಜೋಡಿ ಹಾಳೆ ಎಂದರೆ 32 ಪುಟ. ಹೊದಿಕೆಗೆ ಹಳೆಯ ಲಗ್ನಪತ್ರಿಕೆಯಂಥ ದಪ್ಪ ಕಾಗದ ಸಾಕು. ಯಂತ್ರದಲ್ಲಿ ಮಾಡಿದ ಕಾಗದದ ನಾರು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತದೆ. ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ. ಸುಲಭವಾಗಿ ಬಾಗಿದ ಕಡೆಗೇ ಪುಸ್ತಕದ ಬೆನ್ನಿನ ಮಡಿಕೆ ಬರಲಿ, ಆಗ ಅದು ಬಿರುಕು ಬಿಡುವುದಿಲ್ಲ.

ಮಡಿಕೆಯ ಮೇಲೆ ಕೈವಾರದ ಮೊನೆಯಿಂದ ಮೂರು ತೂತು ಮಾಡಿ. ದಾರಕ್ಕೆ ಮೇಣದ ಬತ್ತಿ ಉಜ್ಜಿ. ನಡುವಿನ ತೂತಿನಿಂದ ಹೊರಗೆ, ಮೇಲಿನದರಿಂದ ಒಳಗೆ, ಅಲ್ಲಿಂದ ಉದ್ದಕ್ಕೆ ಬಂದು ಕೆಳಗಿನದರಿಂದ ಹೊರಗೆ, ಮತ್ತೆ ನಡುವಿನದರಿಂದ ಒಳಗೆ. ದಾರದ ಎರಡು ತುದಿಗಳ ನಡುವೆ ಉದ್ದದ ಹೊಲಿಗೆ ಸಿಕ್ಕುವಂತೆ ಗಂಟು ಹಾಕಿ. ಪುಸ್ತಕ ಮುಗಿಯಿತು.

ಅಲಂಕಾರಕ್ಕೆ ಮೈದಾ ಅಂಟು ಕಾಯಿಸಿ, ಆರಿದ ಮೇಲೆ ಬಣ್ಣ ಬೆರೆಸಿ, ಕಾಗದದ ಮೇಲೆ ಹರಡಿ, ಹಸಿಯಾಗಿರುವಾಗಲೇ ಹಳೆಯ ಬಾಚಣಿಗೆ ಎಳೆದರೆ ಅಲೆ ಅಲೆಯಾಗಿ ಗೆರೆ ಮೂಡುತ್ತದೆ. ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಹಿಡಿಸುವುದು ಇನ್ನೊಂದು ವಿದ್ಯೆ. ಅದರಲ್ಲಿ 17ನೇ ಶತಮಾನದ ಬಿಜಾಪುರದ ಚಿತ್ರಕಾರರು ಹೆಸರಾದವರು. ಅಲ್ಲಿನದೆಂದು ಗುರುತಿಸಿರುವ ಒಂದು ಬಡಕಲು ಕುದುರೆಯ ಚಿತ್ರ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಆದರೆ ಚೆಂದದ ಪುಸ್ತಕಕ್ಕೆ ಒಂದು ತೊಂದರೆ ಇದೆ. ಅದರಲ್ಲಿ ಬರೆಯಲು ಯಾರಿಗೂ ಧೈರ್ಯ ಬರುವುದಿಲ್ಲ. ನಮ್ಮವ್ವ ಓದಿದ್ದು ನಾಲ್ಕನೇ ಕ್ಲಾಸು. ಅವರ ಹಳೆಯ ಸೀರೆಯ ಸೆರಗನ್ನೇ ಹೊದಿಕೆ ಮಾಡಿ ಒಂದು ಪುಸ್ತಕ ಕೊಟ್ಟೆ. "ಇಷ್ಟ್ ಚೆನ್ನಾಗಿರೋದ್ರಲ್ಲಿ ನಾನೇನ್ ಬರೀಲಿ ಮಗಾ" ಎಂದು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರು. ಮುಂದಿನ ಸಲ ಊರಿಗೆ ಬಂದಾಗ ಒಂದು ಮಗ್ಗುಲು ಅಚ್ಚಾದ ಹಾಳೆಗಳನ್ನು ಹೊಲಿದು ತಂದೆ, ಹೊದಿಕೆ ಹಳೆಯ ಕ್ಯಾಲೆಂಡರು. ಅದರಲ್ಲಿ ಅವ್ವ ಬರೆಯತೊಡಗಿದರು. ಮೊದಲು ಯಾರಿಗೆ ಎಷ್ಟು ಸೇರು ಅವರೆ ಬೀಜ ಕೊಟ್ಟದ್ದು, ಹಸು ಕರು ಹಾಕಿದ ತಾರೀಖು. ಆಮೇಲೆ ರೋಹಿಣಿ ಮಳೆ ಯಾವ ದಿನ ಬಂತು, ಆರಿದ್ರೆ ಎಷ್ಟು ದಿನ ಕಾಯಿಸಿತು. ಆಮೇಲೆ, ಯಾರೂ ಕೇಳದೆಯೇ, ತಮ್ಮ ತಾಯಿಯಿಂದ ಕಲಿತ ಸೋಬಾನೆ ಹಾಡುಗಳು. ಒತ್ತಕ್ಷರ ಅಲ್ಲಲ್ಲಿ ತಪ್ಪಿದೆ, ಸಾಲು ಓರೆಯಾಗಿದೆ. ನಾನು ಮಾಡಿದ ಪುಸ್ತಕಗಳಲ್ಲೆಲ್ಲ ಬೆಲೆಬಾಳುವುದು ಅದೇ.

ಏಕೆಂದು ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದರು. ಮದುವೆ ಮನೆಯಲ್ಲಿ ರಾತ್ರಿಯಿಡೀ ಹಾಡುತ್ತಿದ್ದರು. ಹಾಡಿದ್ದನ್ನು ಮತ್ತೆ ಹಾಡುತ್ತಿರಲಿಲ್ಲ, ಅಷ್ಟು ಹಾಡು ಬರುತ್ತಿತ್ತು. ಅವರು ತೀರಿಕೊಂಡ ಮೇಲೆ ಆ ಹಾಡುಗಳೂ ಹೋದವು. ಬೀದಿಯ ಯಾವ ಮನೆಯಲ್ಲೂ ಒಂದು ಸಾಲು ಬರೆದಿಟ್ಟಿರಲಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಖಂಡಿತ ಮಾಡಿ, ಧಾಟಿ ಉಳಿಯುವುದು ಅದರಲ್ಲೇ. ಆದರೆ ಆ ಕಸುಬಿನವನಾಗಿ ಹೇಳುತ್ತಿದ್ದೇನೆ, ಫೋನು ಕೆಡುತ್ತದೆ, ಬದಲಾಗುತ್ತದೆ, ಪಾಸ್‌ವರ್ಡ್ ಮರೆತುಹೋಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೆದ ಪ್ರೋಗ್ರಾಂಗಳು ಇಂದು ಎಲ್ಲೂ ಓಡುತ್ತಿಲ್ಲ. ಕಾಗದಕ್ಕೆ ಗೆದ್ದಲು, ನೀರು ತಾಗದಂತೆ ನೋಡಿಕೊಂಡರೆ ಮೊಮ್ಮಗನೂ ಬಿಚ್ಚಿ ಓದುತ್ತಾನೆ, ಅದಕ್ಕೆ ಚಾರ್ಜರ್ ಬೇಡ. ಎರಡೂ ಇರಲಿ.

ಮಕ್ಕಳೇ, ನಿಮ್ಮ ಚೀಲದಲ್ಲಿ ಕನ್ನಡಕ್ಕೊಂದು, ಗಣಿತಕ್ಕೊಂದು, ವಿಜ್ಞಾನಕ್ಕೊಂದು ನೋಟ್ಸ್ ಇದೆ. ಅವುಗಳಲ್ಲಿ ಬೋರ್ಡಿನ ಮೇಲಿದ್ದದ್ದನ್ನು ಬರೆಯುತ್ತೀರಿ. ಅದು ಬೇಕು, ಪರೀಕ್ಷೆಗೆ ಬೇಕೇ ಬೇಕು. ಅದರ ಜೊತೆಗೆ ವಿಷಯದ ಹೆಸರಿಲ್ಲದ, ಯಾರೂ ಕೆಂಪು ಇಂಕಿನಲ್ಲಿ ತಿದ್ದದ ಒಂದು ಪುಸ್ತಕ ಇಟ್ಟುಕೊಳ್ಳಿ. ಅಂಗಡಿಯದು ಬೇಡ, ನೀವೇ ಹೊಲಿದದ್ದಿರಲಿ. ನಾವೇ ಮಾಡಿದ ಪುಸ್ತಕ ಮುಗಿದರೆ ಇನ್ನೊಂದು ಮಾಡಿಕೊಳ್ಳಬಹುದು ಎಂಬ ಭರವಸೆ ಇರುತ್ತದೆ. ಹಾಗಾಗಿ ಬರೆಯಲು ಹೆದರಿಕೆ ಇರುವುದಿಲ್ಲ.

ಊಟವಾದ ಮೇಲೆ ಎಂಟನೇ ತರಗತಿಯ ಕೋಣೆಗೆ ಬನ್ನಿ. ಹಾಳೆ, ದಾರ, ದಬ್ಬಳ ತಂದಿದ್ದೇನೆ. ಸಂಜೆಯೊಳಗೆ ಪ್ರತಿಯೊಬ್ಬರೂ ಒಂದೊಂದು ಪುಸ್ತಕ ಮನೆಗೆ ಒಯ್ಯಬಹುದು. ಮೊದಲ ಪುಟದಲ್ಲಿ ನಿಮ್ಮ ಹೆಸರು, ಊರು, ಇವತ್ತಿನ ತಾರೀಖು ಬರೆಯಿರಿ. ಎರಡನೇ ಪುಟದಲ್ಲಿ ಏನು ಬರೆಯಬೇಕೆಂದು ರಾತ್ರಿ ಮನೆಯಲ್ಲಿ ಅಜ್ಜಿಯನ್ನೋ ತಾತನನ್ನೋ ಕೇಳಿ. ಅವರು ಹೇಳುತ್ತಾ ಹೋಗುತ್ತಾರೆ, ನೀವು ಬರೆಯುತ್ತಾ ಹೋಗಿ.