ಮಗನು ತಂದೆಯನ್ನು ಕೇಳಿದ್ದು

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ, ಪೆಂಡುರ್ತಿ)



ಈ ತಿಂಗಳ ವಿಷಯ ಪ್ರಾರ್ಥನೆ. ಕ್ರೈಸ್ತರ ಕಡೆಯಿಂದ ನೀನು ಹತ್ತು ನಿಮಿಷ ಮಾತಾಡು ಎಂದರು. ನಾನು ದೇವಶಾಸ್ತ್ರ ಓದಿದವಳಲ್ಲ, ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವಳು. ಆದರೆ ಆಫೀಸಿನಲ್ಲಿ ಒಂದು ಪ್ರಶ್ನೆ ಆಗಾಗ ಎದುರಾಗುತ್ತದೆ. "ಯೇಸು ದೇವರೇ ಆಗಿದ್ದರೆ ಅವನು ಪ್ರಾರ್ಥನೆ ಮಾಡಿದ್ದು ಯಾರಿಗೆ? ತನಗೆ ತಾನೇ ಮೆಸೇಜ್ ಕಳಿಸಿಕೊಂಡನೇ?" ಕೇಳುವವರು ನಗುತ್ತಲೇ ಕೇಳುತ್ತಾರೆ, ನಾನೂ ನಗುತ್ತೇನೆ. ಆದರೆ ಇದು ಹಗುರವಾದ ಪ್ರಶ್ನೆಯಲ್ಲ. ಕ್ರೈಸ್ತ ಸಭೆ ಮೊದಲ ಏಳು ಶತಮಾನ ಇದರ ಸುತ್ತಲೇ ಗುದ್ದಾಡಿದೆ.

ಉತ್ತರದ ಮೊದಲರ್ಧ ಬೇಗ ಹೇಳಬಹುದು. ಮಗನು ತಂದೆಯಷ್ಟೇ ದೇವರು, ಇಬ್ಬರದೂ ಒಂದೇ ದೈವಸತ್ವ ಎಂದು 325ರಲ್ಲಿ ನೈಸಿಯದ ಮಹಾಸಭೆ ಸಾರಿತು. ಹಾಗೆಂದು ತಂದೆಯೇ ಮಗನಲ್ಲ. ದೇವರು ಒಬ್ಬನೇ, ಆದರೆ ಆ ಒಬ್ಬನೊಳಗೇ ಪ್ರೀತಿಸುವವನೂ ಪ್ರೀತಿಗೆ ಓಗೊಡುವವನೂ ಇದ್ದಾರೆ. ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯ ಪೂರ್ತಿ ಯೇಸುವಿನ ಪ್ರಾರ್ಥನೆಯೇ. ಲೋಕ ಹುಟ್ಟುವ ಮೊದಲೇ ತಂದೆ ತನ್ನನ್ನು ಪ್ರೀತಿಸಿದ್ದನ್ನು ಅಲ್ಲಿ ಅವನು ನೆನೆಯುತ್ತಾನೆ. ಹಾಗಾಗಿ ಅವನ ಪ್ರಾರ್ಥನೆ ಹೊಸದಾಗಿ ಶುರುವಾದ ಸಂಭಾಷಣೆಯಲ್ಲ. ಮೊದಲಿನಿಂದ ಇದ್ದದ್ದು ಮನುಷ್ಯನ ಗಂಟಲಿನಿಂದ ಹೊರಟಿತು, ಅಷ್ಟೇ.

ಆ ಗಂಟಲಿನಿಂದ ಬಂದ ಒಂದು ಶಬ್ದವನ್ನು ಮಾರ್ಕನು ಅರಮಾಯಿಕ್ ಭಾಷೆಯಲ್ಲೇ ಉಳಿಸಿದ್ದಾನೆ: "ಅಬ್ಬಾ". ಇದು ಪುಟ್ಟ ಮಗುವಿನ ತೊದಲು ಎಂದು ಪ್ರಸಂಗಗಳಲ್ಲಿ ಕೇಳಿರುತ್ತೇವೆ. ಬೆಳೆದವರೂ ಬಳಸುತ್ತಿದ್ದ ಮಾತು ಅದು ಎಂದು ಜೇಮ್ಸ್ ಬಾರ್ ಎಂಬ ವಿದ್ವಾಂಸರು 1988ರಲ್ಲಿ ವಾದಿಸಿದರು. ಕನ್ನಡದವರಿಗೆ ಇದರಲ್ಲಿ ಗೊಂದಲವೇ ಇಲ್ಲ. ನಮ್ಮಲ್ಲಿ ಎರಡು ವರ್ಷದ ಕೂಸೂ "ಅಪ್ಪಾ" ಎನ್ನುತ್ತದೆ, ಐವತ್ತು ವರ್ಷದ ಮಗನೂ "ಅಪ್ಪಾ" ಎನ್ನುತ್ತಾನೆ.

ಇನ್ನೊಂದು ಸಂಗತಿಯನ್ನು ನಾನು ಕಲಿತದ್ದು ಈ ಊರಿಗೆ ಬಂದ ಮೇಲೆ, ತೆಲುಗಿನಿಂದ. ಲಂಡನ್ ಮಿಷನರಿ ಸೊಸೈಟಿಯವರು 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದು ಸುವಾರ್ತೆಗಳನ್ನು ತೆಲುಗಿಗೆ ತರಲು ಕೂತರು. ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡದ ಕೆಲಸಕ್ಕೆ ಇಳಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಕರ್ತನ ಪ್ರಾರ್ಥನೆಯಲ್ಲಿ ನಾವು "ನಮ್ಮ ತಂದೆ" ಎನ್ನುತ್ತೇವೆ. ತೆಲುಗಿನಲ್ಲಿ "ನಮ್ಮ" ಎನ್ನಲು ಎರಡು ಮಾತುಗಳಿವೆ ಎಂದು ಇಲ್ಲಿರುವ ನಿಮಗೆಲ್ಲ ಗೊತ್ತು. ಎದುರಿನವರನ್ನೂ ಸೇರಿಸಿದರೆ "ಮನ", ಬಿಟ್ಟರೆ "ಮಾ". ಹಾಲಿನವನ ಹತ್ತಿರ "ಮನ ಇಲ್ಲು" ಎಂದು ನಾನು ನಗೆಪಾಟಲಾದದ್ದು ಬೇರೆ ಕಥೆ! ತೆಲುಗು ಪ್ರಾರ್ಥನೆಯಲ್ಲಿ ಇರುವುದು "ಮಾ ತಂಡ್ರಿ". ಮಾತಾಡುತ್ತಿರುವುದು ದೇವರೊಂದಿಗೇ ಆದ್ದರಿಂದ ಆ "ಮಾ"ದೊಳಗೆ ದೇವರು ಬರುವುದಿಲ್ಲ. ನಾವು ಈಚೆ, ಅವನು ಆಚೆ.

ಹಾಗಾದರೆ ಕ್ರಿಸ್ತನು ಯಾವ ಕಡೆ? ತಂದೆಗೆ ಸಮನಾದವನು ಆಚೆ ಇರಬೇಕಿತ್ತು. ಆದರೆ ಪ್ರಾರ್ಥಿಸುವಾಗ ಅವನು ನಮ್ಮ ಜೊತೆ ಈಚೆ ನಿಂತಿದ್ದಾನೆ. ಉತ್ತರದ ಕಷ್ಟದ ಅರ್ಧ ಇದು.

ಎಷ್ಟರಮಟ್ಟಿಗೆ ಈಚೆ ಎಂಬುದು ಗೆತ್ಸೇಮನೆಯ ತೋಟದಲ್ಲಿ ತಿಳಿಯುತ್ತದೆ. ಮರಣದ ಹಿಂದಿನ ರಾತ್ರಿ, ಸ್ನೇಹಿತರು ನಿದ್ದೆ ಹೋಗಿದ್ದಾರೆ. ಸಾಧ್ಯವಾದರೆ ಈ ಪಾತ್ರೆ ತನ್ನಿಂದ ತೊಲಗಲಿ ಎಂದು ಬೇಡುತ್ತಾನೆ. ಆದರೂ ತನ್ನ ಇಷ್ಟದಂತಲ್ಲ, ನಿನ್ನ ಇಷ್ಟದಂತೆ ಎನ್ನುತ್ತಾನೆ. ಎರಡು ಇಷ್ಟಗಳೇ? ಏಳನೆಯ ಶತಮಾನದಲ್ಲಿ, ಒಡೆದುಹೋಗಿದ್ದ ಸಭೆಗಳನ್ನು ಒಂದುಗೂಡಿಸಲು ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳು ಒಂದು ರಾಜಿ ಸೂತ್ರ ಹುಡುಕಿದರು: ಕ್ರಿಸ್ತನಲ್ಲಿದ್ದದ್ದು ಒಂದೇ ಚಿತ್ತ. ಕೇಳಲು ಸಲೀಸು. ಆದರೆ ಹಾಗಾದರೆ ತೋಟದಲ್ಲಿ ನಡುಗಿದವನು ಯಾರು? ಮನುಷ್ಯನ ಚಿತ್ತವೇ ಇಲ್ಲದವನು ಹೆದರುವುದಾದರೂ ಹೇಗೆ? ಅದು ಬರೀ ನಟನೆಯಾಗುತ್ತದೆ.

ಮ್ಯಾಕ್ಸಿಮಸ್ ಎಂಬ ವೃದ್ಧ ಸನ್ಯಾಸಿ ಈ ರಾಜಿಗೆ ಒಪ್ಪಲಿಲ್ಲ. ಕ್ರಿಸ್ತನಿಗೆ ನಮ್ಮಂತೆಯೇ ಮನುಷ್ಯಚಿತ್ತವಿತ್ತು, ಅದು ಸಾವಿಗೆ ಅಂಜಿತು, ಅಂಜುತ್ತಲೇ ತಂದೆಯ ಚಿತ್ತಕ್ಕೆ ಒಪ್ಪಿತು ಎಂದರು. 662ರಲ್ಲಿ ಅವರ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಗಡೀಪಾರು ಮಾಡಿದರು. ಅದೇ ವರ್ಷ ತೀರಿಕೊಂಡರು. 680–81ರ ಮಹಾಸಭೆ ಎರಡು ಚಿತ್ತಗಳೆಂಬ ಬೋಧನೆಯನ್ನೇ ಎತ್ತಿಹಿಡಿಯಿತು. ಇಷ್ಟು ಸೂಕ್ಷ್ಮ ವಿಷಯಕ್ಕೆ ನಾಲಿಗೆ ಕಳೆದುಕೊಳ್ಳಬೇಕೇ ಎನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಯಾಕೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಇಂದಿಗೂ ಇದರಿಂದ ಬೇಕಾದದ್ದು ಒಂದಿದೆ.

ಮಗು ಆಗದವಳಿಗೆ, ಗಂಡನನ್ನು ಐಸಿಯುವಿನಲ್ಲಿ ಬಿಟ್ಟು ಹೊರಗೆ ಬೆಂಚಿನ ಮೇಲೆ ಕೂತವಳಿಗೆ, ಕೂಸನ್ನು ಕಳೆದುಕೊಂಡವಳಿಗೆ "ನಿನ್ನ ನಂಬಿಕೆ ಸಾಲದು, ಇನ್ನೂ ಗಟ್ಟಿಯಾಗಿ ಪ್ರಾರ್ಥಿಸಬೇಕಿತ್ತು" ಎನ್ನುವವರಿದ್ದಾರೆ. ನಮ್ಮವರಲ್ಲೇ ಇದ್ದಾರೆ. ಹರಕೆ ತಪ್ಪಿತು, ವ್ರತದಲ್ಲಿ ಲೋಪವಾಯಿತು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಇದು ಕ್ರೂರ ಮಾತು. ಕ್ರೈಸ್ತ ಬೋಧನೆಯ ಪ್ರಕಾರ ಸುಳ್ಳು ಮಾತು ಕೂಡ. ಮಗನಿಗಿಂತ ದೊಡ್ಡ ನಂಬಿಕೆ ಯಾರದ್ದು? ಅವನು ಬೇಡಿದ್ದು ಸಿಗಲಿಲ್ಲ. ಮತ್ತಾಯನ ಪ್ರಕಾರ ಮೂರು ಸಲ ಬೇಡಿದ, ಪಾತ್ರೆ ತೊಲಗಲಿಲ್ಲ.

ಆದರೆ ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ, ಅವನು ಕಣ್ಣೀರಿಟ್ಟು ಮೊರೆಯಿಟ್ಟ, ತಂದೆ ಆ ಮೊರೆಯನ್ನು ಕೇಳಿದ ಎನ್ನುತ್ತದೆ. ಮರುದಿನ ಶಿಲುಬೆಗೆ ಹಾಕಿದರಲ್ಲ, ಕೇಳಿದ್ದು ಹೇಗೆ? ಪುನರುತ್ಥಾನವೇ ಆ ಉತ್ತರ ಎಂದು ಹಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಕನ್ನಡದಲ್ಲಿ ಬೇಡುವುದೂ "ಕೇಳು", ಕಿವಿಗೊಡುವುದೂ "ಕೇಳು". ಕೇಳಿದ್ದನ್ನು ಕೊಡುವುದು ಮಾತ್ರ ಬೇರೆ ಕ್ರಿಯಾಪದ.

ಬೆಂಚಿನ ಮೇಲೆ ಕೂತವಳ ಪಕ್ಕ ಕೂರುವ ಸಂದರ್ಭ ಬಂದರೆ ಅವಳ ನಂಬಿಕೆಯನ್ನು ಅಳೆಯಲು ಹೋಗಬೇಡಿ. ಆ ರಾತ್ರಿ ಯೇಸು ಶಿಷ್ಯರಿಂದ ಬಯಸಿದ್ದೂ ದೊಡ್ಡದೇನಲ್ಲ, ತನ್ನೊಡನೆ ಒಂದು ಗಳಿಗೆ ಎಚ್ಚರವಾಗಿರಿ ಎಂದಷ್ಟೇ.

ಹತ್ತು ನಿಮಿಷ ದಾಟಿತು ಎಂದು ಕಾರ್ಯದರ್ಶಿಯವರು ಕೈಗಡಿಯಾರ ತೋರಿಸುತ್ತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.